ಹಿಂಭಾಗ ಕೂತರೆ ಗ್ರಿಪ್ ಬರುತ್ತದೆಯೇ? ಡ್ರ್ಯಾಗ್ ಕಾರಿನ ಹಿಂದಿನ ಸಸ್ಪೆನ್ಷನ್ ಲೆಕ್ಕ

ಪ್ರಶ್ನೆ: ಸರ್, ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹತ್ತಿರ 1989ರ ಫೋರ್ಡ್ ಮಸ್ಟಾಂಗ್ ಇದೆ, 5.0 ವಿ8. ಇಂಜಿನ್ ಕೆಲಸ ಮಾಡಿಸಿದ್ದೇನೆ, ಹಿಂದೆ ಡ್ರ್ಯಾಗ್ ರೇಡಿಯಲ್ ಟಯರ್ (ಡ್ರ್ಯಾಗ್ ರೇಸಿಗೆ ಮಾಡಿದ, ಚೆನ್ನಾಗಿ ಅಂಟುವ ಟಯರ್) ಇದೆ. ನೋಡೋಕೆ ಚೆನ್ನಾಗಿರಲಿ ಅಂತ ಒಂದೂವರೆ ಇಂಚು ತಗ್ಗಿಸಿದ್ದೇನೆ. ಸ್ಟ್ರಿಪ್‌ನಲ್ಲಿ (ನಿಂತಲ್ಲಿಂದ ನೇರಕ್ಕೆ ಓಡುವ ಡ್ರ್ಯಾಗ್ ರೇಸಿನ ಟ್ರ್ಯಾಕಿನಲ್ಲಿ) ಹೊರಡುವಾಗ ಹಿಂಭಾಗ ಚೆನ್ನಾಗಿ ಕೆಳಗೆ ಕೂರುತ್ತದೆ, ಆದರೂ ಟಯರ್ ಗಿರ್ರನೆ ತಿರುಗುತ್ತದೆ. ಬಲಗಡೆ ಟಯರಿನ ಗುರುತು ಎಡಗಡೆಯದಕ್ಕಿಂತ ಕಪ್ಪಗಿರುತ್ತದೆ. ಒಬ್ಬರು ಹಿಂದೆ ಇನ್ನೂ ಮೆತ್ತನೆ ಸ್ಪ್ರಿಂಗ್ ಹಾಕಿ ಅಂತಾರೆ. ಇನ್ನೊಬ್ಬರು ಬ್ರಾಕೆಟ್ ಹಾಕಿ ಲೋವರ್ ಆರ್ಮ್ (ಆಕ್ಸಲನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು) ಇಳಿಸಿ ಅಂತಾರೆ. ಈಗಲೂ ರಸ್ತೆಯಲ್ಲಿ ಓಡಿಸುವ ಕಾರು. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ಮೆತ್ತನೆ ಸ್ಪ್ರಿಂಗ್ ಸದ್ಯಕ್ಕೆ ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕಂದರೆ ಬ್ರಾಕೆಟ್ ಹಾಕಿದ ಮೇಲೆ ಯಾವ ತೂತಿಗೆ ಬೋಲ್ಟ್ ಹಾಕಬೇಕು ಅನ್ನೋದು ನೀವೇ ನಿರ್ಧರಿಸಬೇಕಾಗುತ್ತದೆ.

ಹಿಂಭಾಗ ಕೂತರೆ ಹಿಂದಿನ ಟಯರಿಗೆ ಭಾರ ಬಿತ್ತು ಅಂತ ಬಹಳ ಜನ ನಂಬಿದ್ದಾರೆ. ಕಣ್ಣಿಗೆ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಕೂರೋದು ಬೇರೆ, ಭಾರ ಹಿಂದಕ್ಕೆ ಹೋಗೋದು ಬೇರೆ. ಎಷ್ಟು ಭಾರ ಹಿಂದಕ್ಕೆ ಹೋಗುತ್ತದೆ ಅನ್ನೋದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಮತ್ತು ಕಾರು ಎಷ್ಟು ಜೋರಾಗಿ ಮುಂದಕ್ಕೆ ನುಗ್ಗುತ್ತದೆ ಅನ್ನೋ ನಾಲ್ಕೇ ಸಂಗತಿಗಳು ತೀರ್ಮಾನ ಮಾಡುತ್ತವೆ. ಸ್ಪ್ರಿಂಗ್ ಮೆತ್ತಗಿದ್ದರೂ ಅಷ್ಟೇ, ಗಟ್ಟಿ ಇದ್ದರೂ ಅಷ್ಟೇ.

ನಿಮ್ಮ ಕಾರಿಗೇ ಲೆಕ್ಕ ಹಾಕೋಣ. ನೀವು ಕೂತ ಮೇಲೆ ತೂಕ 1450 ಕೆ.ಜಿ. ಅಂದುಕೊಳ್ಳಿ. ಆ ಮಸ್ಟಾಂಗ್‌ನ ವೀಲ್‌ಬೇಸ್ 100.5 ಇಂಚು. ಗುರುತ್ವ ಕೇಂದ್ರ ನೆಲದಿಂದ 20 ಇಂಚು ಎತ್ತರ ಅಂತ ಇಟ್ಟುಕೊಳ್ಳೋಣ. ಕಾರು 1 ಜಿ ವೇಗೋತ್ಕರ್ಷದಲ್ಲಿ (ಮೇಲಿಂದ ಬೀಳುವ ವಸ್ತುವಿನ ವೇಗ ಏರುವಷ್ಟೇ ಜೋರಾಗಿ) ಹೊರಟರೆ ಹಿಂದಕ್ಕೆ ಹೋಗುವ ಭಾರ 1450 × 20 ÷ 100.5, ಅಂದರೆ ಸುಮಾರು 290 ಕೆ.ಜಿ. ಮುಂದೆ ವಿ8 ಇರೋದರಿಂದ ನಿಂತಾಗ ಹಿಂದಿನ ಟಯರುಗಳ ಮೇಲೆ ತೂಕದ ಶೇ. 42ರಷ್ಟು, ಅಂದರೆ 610 ಕೆ.ಜಿ. ಇರಬಹುದು. ಎರಡೂ ಸೇರಿ 900. ಈ 900 ಕೆ.ಜಿ. ಭಾರ ಹೊತ್ತ ಟಯರುಗಳು 1450 ಕೆ.ಜಿ.ಯಷ್ಟು ತಳ್ಳಬೇಕು. ಹಾಗಾದರೆ ಟಯರ್ ಮತ್ತು ನೆಲದ ನಡುವಿನ ಘರ್ಷಣಾಂಕ 1.6 ಬೇಕು. ಮಾಮೂಲಿ ರಸ್ತೆ ಟಯರಿಗೆ 1ರ ಆಸುಪಾಸು ಸಿಗುತ್ತದೆ. ಅಷ್ಟಕ್ಕೆ ಇದೇ ಕಾರು 0.52 ಜಿ ಗಿಂತ ಜಾಸ್ತಿ ಹೋಗೋದೇ ಇಲ್ಲ. ಹಾಗಾಗಿ ಟಯರ್, ಗಾಳಿ ಒತ್ತಡ, ಬರ್ನ್‌ಔಟ್ (ಹೊರಡುವ ಮೊದಲು ಟಯರ್ ತಿರುಗಿಸಿ ಬಿಸಿ ಮಾಡೋದು), ಅಂಟು ಹಾಕಿದ ಟ್ರ್ಯಾಕ್, ಇವೆಲ್ಲ ಸರಿ ಇಲ್ಲದೆ ಸಸ್ಪೆನ್ಷನ್ ಮುಟ್ಟಿ ಪ್ರಯೋಜನ ಇಲ್ಲ. ನಿಮ್ಮದು ಡ್ರ್ಯಾಗ್ ರೇಡಿಯಲ್, ಆದ್ದರಿಂದ ಆ ಮಾತು ಇಲ್ಲಿಗೆ ಸಾಕು.

ಈ ಸೂತ್ರವನ್ನು ಅಮೆರಿಕದ ರೇಸರುಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. 60ರ ದಶಕದ ಗ್ಯಾಸರ್ ಅನ್ನೋ ಡ್ರ್ಯಾಗ್ ಕಾರುಗಳು ಮೂಗು ಮೇಲೆತ್ತಿಕೊಂಡು ನಿಂತಿರೋದು ಸುಮ್ನೆ ಅಲ್ಲ, ಅದು ಗುರುತ್ವ ಕೇಂದ್ರವನ್ನು ಎತ್ತರಿಸೋಕೆ. 1965ರಲ್ಲಿ ಕ್ರೈಸ್ಲರ್ ಕಂಪನಿ ಕೆಲವು ಡಾಡ್ಜ್ ಮತ್ತು ಪ್ಲಿಮತ್ ಕಾರುಗಳಲ್ಲಿ ಹಿಂದಿನ ಆಕ್ಸಲನ್ನು 15 ಇಂಚು, ಮುಂದಿನ ಚಕ್ರಗಳನ್ನು 10 ಇಂಚು ಮುಂದಕ್ಕೆ ಸರಿಸಿತು. ನೋಡೋಕೆ ವಿಚಿತ್ರವಾಗಿದ್ದವು, ಫನ್ನಿ ಕಾರ್ ಅನ್ನೋ ಹೆಸರು ಹುಟ್ಟಿದ್ದೇ ಅವುಗಳಿಂದ. ಆದರೆ ನಿಂತಲ್ಲೇ ಹಿಂದಿನ ಟಯರಿನ ಮೇಲೆ ಎಷ್ಟೋ ಜಾಸ್ತಿ ಭಾರ ಬಂತು. ಸ್ಪ್ರಿಂಗ್ ಬದಲಿಸಿ ಅಷ್ಟು ಭಾರ ತರೋಕೆ ಆಗುತ್ತಿರಲಿಲ್ಲ.

ಹಾಗಾದರೆ ಹಿಂದಿನ ಸಸ್ಪೆನ್ಷನ್ ಜೋಡಣೆಯ ಕೆಲಸ ಏನು? ಆ 290 ಕೆ.ಜಿ. ಯಾವ ದಾರಿಯಲ್ಲಿ, ಎಷ್ಟು ಬೇಗ ಟಯರಿಗೆ ತಲುಪಬೇಕು ಅನ್ನೋದು. ದಾರಿ ಎರಡಿವೆ. ಒಂದು, ಸ್ಪ್ರಿಂಗ್ ಮೂಲಕ. ಸ್ಪ್ರಿಂಗ್ ಕುಗ್ಗಿದರೆ ಮಾತ್ರ ಅದು ಜಾಸ್ತಿ ಭಾರ ಹೊರುತ್ತದೆ. ಅದು ಕುಗ್ಗಬೇಕಾದರೆ ಬಾಡಿ ಕೆಳಗಿಳಿಯಬೇಕು, ಅದಕ್ಕೆ ಸಮಯ ಬೇಕು. ಇನ್ನೊಂದು, ಆಕ್ಸಲನ್ನು ಬಾಡಿಗೆ ಸೇರಿಸುವ ಆರ್ಮ್‌ಗಳ ಮೂಲಕ. ಅವು ಗಟ್ಟಿ ಕಬ್ಬಿಣ. ಕ್ಲಚ್ ಬಿಟ್ಟ ಕ್ಷಣವೇ ಬಲ ಹಾದುಹೋಗುತ್ತದೆ.

ಕಾರಿನ ಕೆಳಗೆ ಮಲಗಿ ನೋಡಿ. ನಿಮ್ಮ ಆಕ್ಸಲಿಗೆ ನಾಲ್ಕು ಆರ್ಮ್ ಇವೆ. ಕೆಳಗಿನ ಎರಡು ಉದ್ದ, ಹೆಚ್ಚುಕಡಿಮೆ ನೇರವಾಗಿ ಮುಂದಕ್ಕೆ ಹೋಗುತ್ತವೆ. ಮೇಲಿನ ಎರಡು ಗಿಡ್ಡ, ಡಿಫರೆನ್ಷಿಯಲ್ ಪಕ್ಕದಿಂದ ಹೊರಟು ಓರೆಯಾಗಿ ಎರಡೂ ಬದಿಗೆ ಅಗಲುತ್ತವೆ. ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹೌಸಿಂಗ್ ಅದಕ್ಕೆ ವಿರುದ್ಧವಾಗಿ ತಿರುಗೋಕೆ ನೋಡುತ್ತದೆ, ಪಿನಿಯನ್ ಮೂತಿ (ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಆಕ್ಸಲಿಗೆ ಸೇರುವ ಜಾಗ) ಮೇಲೇಳುತ್ತದೆ. ಆಗ ಕೆಳಗಿನ ಆರ್ಮ್‌ಗಳು ಬಾಡಿಯನ್ನು ಮುಂದಕ್ಕೆ ತಳ್ಳುತ್ತವೆ, ಮೇಲಿನ ಆರ್ಮ್‌ಗಳು ಬಾಡಿಯನ್ನು ಹಿಂದಕ್ಕೆ ಎಳೆಯುತ್ತವೆ. ಕೆಳಗಿನ ಆರ್ಮ್ ಮುಂದಕ್ಕೆ ಹೋಗುತ್ತಾ ಮೇಲಕ್ಕೆ ಏರುವಂತಿದ್ದರೆ, ಅದರ ತಳ್ಳಾಟದಲ್ಲಿ ಒಂದು ಪಾಲು ಬಾಡಿಯನ್ನು ಎತ್ತೋಕೆ ಹೋಗುತ್ತದೆ. ಮೇಲಿನ ಆರ್ಮ್ ಮುಂದಕ್ಕೆ ಹೋಗುತ್ತಾ ಕೆಳಗಿಳಿಯುವಂತಿದ್ದರೆ, ಅದರ ಎಳೆತವೂ ಬಾಡಿಯನ್ನು ಹಿಂದಕ್ಕೂ ಮೇಲಕ್ಕೂ ಎತ್ತುತ್ತದೆ. ಬಾಡಿಯನ್ನು ಮೇಲೆತ್ತುವ ಬಲ ಎಷ್ಟೋ, ಅಷ್ಟೇ ಬಲ ಆಕ್ಸಲನ್ನು ಕೆಳಗೆ, ನೆಲಕ್ಕೆ ಅದುಮುತ್ತದೆ. ಆರ್ಮ್‌ಗಳ ಓರೆ ಗ್ರಿಪ್ಪಿಗೆ ಸಂಬಂಧಪಡೋದು ಹೀಗೆ.

ಇದನ್ನು ಅಳೆಯೋಕೆ ಒಂದು ವಿಧಾನ ಇದೆ. ಕಾರನ್ನು ಪಕ್ಕದಿಂದ ನೋಡಿದಂತೆ ಕಾಗದದ ಮೇಲೆ ಬರೆಯಿರಿ. ಮೇಲಿನ ಆರ್ಮ್ ಮತ್ತು ಕೆಳಗಿನ ಆರ್ಮ್‌ನ ಗೆರೆಗಳನ್ನು ಮುಂದಕ್ಕೆ ಎಳೆದರೆ ಎರಡೂ ಎಲ್ಲೋ ಸೇರುತ್ತವೆ. ಆ ಬಿಂದುವಿಗೆ ಇನ್‌ಸ್ಟಂಟ್ ಸೆಂಟರ್ ಅನ್ನುತ್ತಾರೆ. ಹಿಂದಿನ ಟಯರ್ ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಒಂದು ಗೆರೆ ಎಳೆದು ಮುಂದಿನ ಚಕ್ರದ ನೇರಕ್ಕೆ ಮುಟ್ಟಿಸಿ. ಅಲ್ಲಿ ಆ ಗೆರೆಯ ಎತ್ತರ ಗುರುತ್ವ ಕೇಂದ್ರದ ಎತ್ತರಕ್ಕೆ ಸಮ ಇದ್ದರೆ ಶೇ. 100 ಆಂಟಿ ಸ್ಕ್ವಾಟ್ (ಕೂರೋದನ್ನು ತಡೆಯುವ ಗುಣ). ಹೋಗಬೇಕಾದ ಭಾರವೆಲ್ಲ ಆರ್ಮ್‌ಗಳ ಮೂಲಕವೇ ಹೋಯಿತು, ಸ್ಪ್ರಿಂಗಿಗೆ ಕೆಲಸ ಇಲ್ಲ, ಹಿಂಭಾಗ ಕೂರೋದೂ ಇಲ್ಲ, ಏಳೋದೂ ಇಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಕೂರುತ್ತದೆ, ಜಾಸ್ತಿ ಇದ್ದರೆ ಏಳುತ್ತದೆ.

ಈಗ ನಿಮ್ಮ ಕಾರು ಯಾಕೆ ಕೂರುತ್ತಿದೆ ನೋಡಿ. ಒಂದೂವರೆ ಇಂಚು ತಗ್ಗಿಸಿದಿರಿ. ಆಕ್ಸಲ್ ಇದ್ದ ಎತ್ತರದಲ್ಲೇ ಉಳಿಯಿತು, ಬಾಡಿ ಇಳಿಯಿತು, ಬಾಡಿಯ ಜೊತೆಗೆ ಎಲ್ಲ ಆರ್ಮ್‌ಗಳ ಮುಂದಿನ ತುದಿಯೂ ಇಳಿಯಿತು. ಲೋವರ್ ಆರ್ಮ್ ಈಗ ಮುಂದಕ್ಕೆ ಹೋಗುತ್ತಾ ಕೆಳಗಿಳಿಯುತ್ತಿರಬೇಕು. ಅಂದರೆ ಬಾಡಿಯನ್ನು ಎತ್ತುವ ಬದಲು ಕೆಳಗೆ ಎಳೆಯುತ್ತಿದೆ.

ಅಂಕಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಇವು ಉದಾಹರಣೆಯ ಅಳತೆಗಳು, ನಿಮ್ಮ ಕಾರಿನದನ್ನು ನೀವೇ ಅಳೆಯಬೇಕು. ಲೆಕ್ಕ ಸುಲಭವಾಗಲಿ ಅಂತ ಹಿಂದಿನ ತುದಿಗಳೆರಡೂ ಆಕ್ಸಲಿನ ನೇರದಲ್ಲೇ ಇವೆ ಅಂದುಕೊಳ್ಳೋಣ. ಲೋವರ್ ಆರ್ಮ್ 18 ಇಂಚು ಉದ್ದ, ನೆಲದಿಂದ ಹಿಂದಿನ ತುದಿ 9.5 ಇಂಚು, ಮುಂದಿನ ತುದಿ 9 ಇಂಚು. ಅಪ್ಪರ್ ಆರ್ಮ್ ಪಕ್ಕದಿಂದ ನೋಡಿದಾಗ 9 ಇಂಚು ಉದ್ದ, ಹಿಂದಿನ ತುದಿ 18, ಮುಂದಿನ ತುದಿ 16.5. ಗೆರೆಗಳು ಆಕ್ಸಲಿನಿಂದ ಸುಮಾರು 61 ಇಂಚು ಮುಂದೆ, 7.8 ಇಂಚು ಎತ್ತರದಲ್ಲಿ ಸೇರುತ್ತವೆ. ಎತ್ತರವನ್ನು ದೂರದಿಂದ ಭಾಗಿಸಿ, 100.5ರಿಂದ ಗುಣಿಸಿ, 20ರಿಂದ ಭಾಗಿಸಿದರೆ ಶೇ. 64 ಬರುತ್ತದೆ. ಈಗ ಲೋವರ್ ಆರ್ಮ್‌ನ ಹಿಂದಿನ ತುದಿಯನ್ನಷ್ಟೇ ಬ್ರಾಕೆಟ್‌ನಲ್ಲಿ ಒಂದು ಇಂಚು ಇಳಿಸಿ. ಬಿಂದು 49 ಇಂಚಿಗೆ ಹತ್ತಿರವಾಗುತ್ತದೆ, ಎತ್ತರ 9.9 ಆಗುತ್ತದೆ. ಆಂಟಿ ಸ್ಕ್ವಾಟ್ ಶೇ. 101. ಎರಡು ಇಂಚು ಇಳಿಸಿದರೆ ಬಿಂದು 42 ಇಂಚು ದೂರ, 11 ಇಂಚು ಎತ್ತರ. ಶೇ. 132. ಒಂದೊಂದು ಇಂಚಿಗೆ ಇಷ್ಟು ವ್ಯತ್ಯಾಸ. ಹಾಗಾಗಿ ಬ್ರಾಕೆಟ್‌ನ ಎಲ್ಲಕ್ಕಿಂತ ಕೆಳಗಿನ ತೂತಿಗೆ ಕಣ್ಣು ಮುಚ್ಚಿ ಬೋಲ್ಟ್ ಹಾಕಬೇಡಿ.

ಜಾಸ್ತಿ ಆದಷ್ಟೂ ಒಳ್ಳೇದಲ್ವಾ ಅಂತ ಕೇಳಬಹುದು. ಅಲ್ಲ. ಮನೆಯಲ್ಲಿ ತೂಕ ನೋಡುವ ಯಂತ್ರದ ಮೇಲೆ ಮಂಡಿ ಬಗ್ಗಿಸಿ ಕೂತು ಧಡಕ್ಕನೆ ಎದ್ದು ನೋಡಿ. ಏಳುವಾಗ ಮುಳ್ಳು ನಿಮ್ಮ ತೂಕಕ್ಕಿಂತ ಮೇಲೆ ಹೋಗುತ್ತದೆ, ಪೂರ್ತಿ ಎದ್ದು ನಿಲ್ಲುವ ಹೊತ್ತಿಗೆ ತೂಕಕ್ಕಿಂತ ಕೆಳಗೆ ಬರುತ್ತದೆ, ಆಮೇಲೆ ಸರಿಹೋಗುತ್ತದೆ. ಶೇ. 100 ದಾಟಿದಾಗ ಹಿಂದಿನ ಟಯರಿಗೆ ಆಗೋದೂ ಇದೇ. ಬಾಡಿ ಮೇಲಕ್ಕೆ ಚಿಮ್ಮುವ ಆ ಕ್ಷಣ ಟಯರಿಗೆ ಲೆಕ್ಕಕ್ಕಿಂತ ಜಾಸ್ತಿ ಭಾರ ಬೀಳುತ್ತದೆ, ಇದನ್ನು ರೇಸರುಗಳು ಹಿಟ್ ಅನ್ನುತ್ತಾರೆ. ಬಾಡಿ ತುದಿ ಮುಟ್ಟಿ ನಿಲ್ಲುವಾಗ ಅದೇ ಭಾರ ವಾಪಸ್ ಹೋಗುತ್ತದೆ. ಆ ಹೊತ್ತಿಗೆ ಕಾರು ಹತ್ತಿಪ್ಪತ್ತು ಅಡಿ ಹೋಗಿರುತ್ತದೆ. ಟಯರ್ ಮೊದಲು ಕಚ್ಚಿ, ಅಲ್ಲಿ ಹೋಗಿ ಜಾರುತ್ತದೆ. ಬಿಂದು ಆಕ್ಸಲಿಗೆ ಹತ್ತಿರ ಇದ್ದಷ್ಟೂ ಹಿಟ್ ಜೋರು, ಆದರೆ ಬೇಗ ಮುಗಿಯುತ್ತದೆ. ದೂರ ಇದ್ದರೆ ನಿಧಾನ, ಆದರೆ ಜಾಸ್ತಿ ಹೊತ್ತು ಇರುತ್ತದೆ. ಬಾಡಿ ಏಳುತ್ತಿದ್ದಂತೆ ಆರ್ಮ್‌ಗಳ ಓರೆ ಬದಲಾಗಿ ಬಿಂದುವೂ ಜಾಗ ಬದಲಿಸುತ್ತದೆ ಅನ್ನೋದನ್ನೂ ಮರೆಯಬೇಡಿ. ನಿಮ್ಮ ಅಪ್ಪರ್ ಆರ್ಮ್ ಗಿಡ್ಡ ಇರೋದರಿಂದ ಅದು ಬೇಗ ಬದಲಿಸುತ್ತದೆ.

ಟಯರಿನ ಸ್ವಭಾವವೂ ಇಲ್ಲಿ ಮುಖ್ಯ. ಹಳೇ ಮಾದರಿಯ ಬಯಾಸ್ ಪ್ಲೈ ಸ್ಲಿಕ್ (ಗೀರಿಲ್ಲದ ನುಣುಪು ರೇಸ್ ಟಯರ್) ಪಕ್ಕದ ಗೋಡೆಯಲ್ಲಿ ಸುಕ್ಕಾಗಿ ಏಟನ್ನು ಹೀರಿಕೊಳ್ಳುತ್ತದೆ, ಸ್ವಲ್ಪ ಜಾರಿದರೂ ಮತ್ತೆ ಹಿಡಿಯುತ್ತದೆ. ರೇಡಿಯಲ್ ಹಾಗಲ್ಲ. ಒಮ್ಮೆ ಜಾರಿದರೆ ಕಾಲು ತೆಗೆಯದೆ ಮತ್ತೆ ಹಿಡಿಯೋದು ಕಷ್ಟ. ನಿಮ್ಮದು ರೇಡಿಯಲ್. ಅದಕ್ಕೇ ನಾನು ಶೇ. 100ರಿಂದ 110ರ ಆಸುಪಾಸಿನಲ್ಲಿ ಶುರು ಮಾಡಿ ಅನ್ನೋದು. ಮೇಲಿನ ಉದಾಹರಣೆಯ ಅಳತೆಗಳೇ ನಿಮ್ಮವೂ ಆಗಿದ್ದರೆ ಒಂದು ಇಂಚಿನ ತೂತು.

ಇನ್ನು ಶಾಕ್ ಅಬ್ಸಾರ್ಬರ್. ಹಿಂಭಾಗ ಏಳುವ ಜೋಡಣೆಯಲ್ಲಿ ಹೊರಡುವಾಗ ಹಿಂದಿನ ಶಾಕ್ ಕುಗ್ಗೋದಿಲ್ಲ, ಹಿಗ್ಗುತ್ತದೆ. ಆದ್ದರಿಂದ ಅದರ ರಿಬೌಂಡ್ ತಿರುಪೇ (ಹಿಗ್ಗುವ ವೇಗವನ್ನು ಹೊಂದಿಸುವ ತಿರುಪು) ಹಿಟ್ ಎಷ್ಟು ಬೇಗ ಮುಗಿಯಬೇಕು ಅನ್ನೋದನ್ನು ಹಿಡಿತದಲ್ಲಿಡೋದು. ಹಿಂಭಾಗ ಕೂರುತ್ತಿದ್ದಾಗ ಇದೇ ತಿರುಪು ಎಷ್ಟು ತಿರುಗಿಸಿದರೂ ಹೊರಡುವಾಗ ಏನೂ ವ್ಯತ್ಯಾಸ ಕಾಣೋದಿಲ್ಲ. ದುಬಾರಿ ಶಾಕ್ ತಂದು ಉಪಯೋಗ ಆಗಲಿಲ್ಲ ಅಂತ ಎಷ್ಟೋ ಜನ ಬೇಜಾರಾಗೋದು ಇದಕ್ಕೇ. ಮುಂದಿನ ಕಡೆ ಸುಲಭವಾಗಿ ಹಿಗ್ಗುವ ಸ್ಟ್ರಟ್ (ಮುಂದಿನ ಶಾಕ್) ಇರಲಿ, ಮುಂದಿನ ಆಂಟಿ ರೋಲ್ ಬಾರ್ (ಬಾಡಿ ವಾಲದಂತೆ ಎಡ ಬಲ ಚಕ್ರಗಳನ್ನು ಸೇರಿಸುವ ಸರಳು) ರೇಸ್ ದಿನ ಬಿಚ್ಚಿಡಿ.

ಈಗ ಬಲಗಡೆ ಟಯರಿನ ಕಪ್ಪು ಗುರುತು. ಇದು ಆರ್ಮ್ ಓರೆಯಿಂದ ಬಂದದ್ದಲ್ಲ. ಇಂಜಿನ್ ಬಲವನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟ್ ಆಕ್ಸಲನ್ನು ತಿರುಚುತ್ತದೆ. ಹಿಂದಿನಿಂದ ನೋಡಿದರೆ ಎಡ ಚಕ್ರವನ್ನು ನೆಲಕ್ಕೆ ಒತ್ತಿ ಬಲ ಚಕ್ರವನ್ನು ಎತ್ತುವ ದಿಕ್ಕಿನಲ್ಲಿ. ಬಾಡಿ ಅದಕ್ಕೆ ವಿರುದ್ಧವಾಗಿ ತಿರುಚಿಕೊಳ್ಳುತ್ತದೆ, ಎಡ ಮುಂಭಾಗ ಎದ್ದು ಬಲ ಹಿಂಭಾಗ ಕೂರುತ್ತದೆ. ಬಾಡಿಯ ಈ ತಿರುಚನ್ನು ಹಿಂದಿನ ಸ್ಪ್ರಿಂಗ್‌ಗಳೇ ಪೂರ್ತಿ ಹೊತ್ತರೆ ಎರಡೂ ಸರಿದೂಗಿ ಎರಡು ಟಯರಿಗೂ ಸಮ ಭಾರ ಬೀಳುತ್ತಿತ್ತು. ಮುಂದಿನ ಸ್ಪ್ರಿಂಗ್‌ಗಳೂ ಪಾಲು ಹೊರೋದರಿಂದ ಬಲ ಟಯರಿಗೆ ಕಡಿಮೆ ಬೀಳುತ್ತದೆ, ಅದು ಜಾಸ್ತಿ ಜಾರಿ ಕಪ್ಪು ಗುರುತು ಬಿಡುತ್ತದೆ. ಮುಂದಿನ ಬಾರ್ ಬಿಚ್ಚಿ ಅಂದದ್ದಕ್ಕೆ ಇದೂ ಒಂದು ಕಾರಣ. ಬಲ ಹಿಂದಿನ ಕಾಯಿಲ್ ಸ್ಪ್ರಿಂಗ್ ಒಳಗೆ ಒಂದು ಏರ್ ಬ್ಯಾಗ್ ಹಾಕಿ, ಸ್ವಲ್ಪ ಸ್ವಲ್ಪ ಗಾಳಿ ಜಾಸ್ತಿ ಮಾಡುತ್ತಾ ಎರಡೂ ಗುರುತು ಒಂದೇ ಬಣ್ಣಕ್ಕೆ ಬರುವವರೆಗೆ ನೋಡಿ. ದುಡ್ಡಿದ್ದರೆ ಹಿಂದಕ್ಕೆ ಡ್ರ್ಯಾಗ್ ರೇಸಿಗೆ ಮಾಡಿದ ಆಂಟಿ ರೋಲ್ ಬಾರ್ ಇನ್ನೂ ಒಳ್ಳೇದು. ಕ್ರೈಸ್ಲರ್‌ನ ಸೂಪರ್ ಸ್ಟಾಕ್ ಲೀಫ್ ಸ್ಪ್ರಿಂಗ್‌ಗಳು ಎಡ ಬಲಕ್ಕೆ ಬೇರೆ ಬೇರೆಯಾಗಿ ಬರುತ್ತಿದ್ದದ್ದೂ ಇದೇ ಕಾರಣಕ್ಕೆ.

ಪಿನಿಯನ್ ಕೋನ ಬದಲಿಸಿದರೆ ಗ್ರಿಪ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭಾರ ಬಿದ್ದಾಗ ಶಾಫ್ಟಿನ ಜಾಯಿಂಟ್‌ಗಳು ನೇರಕ್ಕೆ ಬರಲಿ ಅಂತ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗಿಡುತ್ತಾರೆ, ಅಷ್ಟೇ.

ಬೇರೆ ಕಾರುಗಳ ಸಲಹೆಯನ್ನು ಹಾಗೇ ತಂದು ನಿಮ್ಮ ಕಾರಿಗೆ ಹಾಕೋಕೂ ಹೋಗಬೇಡಿ. ಲ್ಯಾಡರ್ ಬಾರ್ (ಆಕ್ಸಲಿಗೆ ಬಿಗಿಯಾಗಿ ಸೇರಿದ ಏಣಿಯಂಥ ಉದ್ದ ತೋಳು) ಇರುವ ಕಾರಿನಲ್ಲಿ ಬಾರಿನ ಮುಂದಿನ ತುದಿಯೇ ಇನ್‌ಸ್ಟಂಟ್ ಸೆಂಟರ್. ಪ್ರೊ ಸ್ಟಾಕ್ ಅನ್ನೋ ವರ್ಗದ ರೇಸ್ ಕಾರುಗಳಲ್ಲಿ ಮೇಲಿನಿಂದ ನೋಡಿದರೆ ನಾಲ್ಕು ಆರ್ಮೂ ಸಮಾನಾಂತರ, ಬ್ರಾಕೆಟ್ ತುಂಬಾ ತೂತುಗಳು, ಬಿಂದುವನ್ನು ಬೇಕಾದಲ್ಲಿಗೆ ಸರಿಸಬಹುದು. 2015ರಿಂದ ರಸ್ತೆಗೆ ಬಂದ ಎಲ್ಲ ಮಸ್ಟಾಂಗ್‌ಗಳಿಗೂ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎಡ ಬಲ ಚಕ್ರ ಬೇರೆ ಬೇರೆಯಾಗಿ ಅಲುಗುವಂಥದ್ದು) ಬಂದಿದೆ, ಅಲ್ಲಿ ಡಿಫರೆನ್ಷಿಯಲ್ ಬಾಡಿಗೇ ಕೂತಿರೋದರಿಂದ ಮೇಲಿನ ಗೆರೆ ಲೆಕ್ಕ ಹಾಗೇ ನಡೆಯೋದಿಲ್ಲ. ಟಾಪ್ ಫ್ಯುಯೆಲ್ ವರ್ಗದ ಡ್ರ್ಯಾಗ್‌ಸ್ಟರ್‌ಗೆ ಹಿಂದೆ ಸಸ್ಪೆನ್ಷನ್ನೇ ಇಲ್ಲ. ಆಕ್ಸಲನ್ನು ಫ್ರೇಮಿಗೇ ಬಿಗಿದಿರುತ್ತಾರೆ, 300 ಇಂಚು ವೀಲ್‌ಬೇಸಿನ ಆ ಉದ್ದ ಫ್ರೇಮ್ ಬಾಗೋದು ಮತ್ತು ದೊಡ್ಡ ಟಯರ್ ಸುಕ್ಕಾಗೋದೇ ಅದರ ಸ್ಪ್ರಿಂಗ್.

ಕೆಲಸ ಶುರು ಮಾಡುವ ಮೊದಲು ಹಿಂದಿನ ಸೀಟು ಎತ್ತಿ ನೋಡಿ. ಅಪ್ಪರ್ ಆರ್ಮ್‌ಗಳು ಬಂದು ಸೇರುವ ತಗಡಿನ ಪೆಟ್ಟಿಗೆಗಳು ಅಲ್ಲೇ ಇವೆ, ಟಾರ್ಕ್ ಬಾಕ್ಸ್ ಅನ್ನುತ್ತಾರೆ. ಲೋವರ್ ಆರ್ಮ್‌ನವು ಹಿಂದಿನ ಚಕ್ರದ ಮುಂದೆ, ಕೆಳಗಿನಿಂದ ಕಾಣುತ್ತವೆ. ಈ ಮಾದರಿಯಲ್ಲಿ ಇವು ಬಿರುಕು ಬಿಡೋದು ಎಲ್ಲರಿಗೂ ಗೊತ್ತಿರುವ ತೊಂದರೆ. ಯಾಕಂದರೆ 1 ಜಿ ಯಲ್ಲಿ ಒಂದೊಂದು ಲೋವರ್ ಆರ್ಮ್ ಸುಮಾರು ಒಂದೂವರೆ ಟನ್ ತಳ್ಳುತ್ತದೆ, ಒಂದೊಂದು ಅಪ್ಪರ್ ಆರ್ಮ್ ಮುಕ್ಕಾಲು ಟನ್ ಎಳೆಯುತ್ತದೆ. ಕ್ಲಚ್ ಬಿಟ್ಟ ಏಟಿಗೆ ಇದಕ್ಕಿಂತ ಜಾಸ್ತಿ. ಸ್ಪಾಟ್ ವೆಲ್ಡ್ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೆ, ಅಥವಾ ಬೋಲ್ಟ್ ತೂತು ಮೊಟ್ಟೆಯಾಕಾರ ಆಗಿದ್ದರೆ, ಮೊದಲು ಅಲ್ಲಿ ದಪ್ಪ ತಗಡು ವೆಲ್ಡ್ ಮಾಡಿಸಿ. ಕಂಪನಿಯ ಲೋವರ್ ಆರ್ಮ್ ಮಡಚಿದ ತಗಡಿನದು, ತಿರುಚಿಕೊಳ್ಳುತ್ತದೆ. ಅದನ್ನು ಕೊಳವೆಯಾಕಾರದ ಗಟ್ಟಿ ಆರ್ಮ್‌ಗೆ ಬದಲಿಸಿ. ಆದರೆ ಅಪ್ಪರ್ ಆರ್ಮ್‌ಗೆ ಎರಡೂ ತುದಿ ಗಟ್ಟಿ ಪಾಲಿ ಬುಶ್ (ಬೋಲ್ಟಿನ ಸುತ್ತ ಕೂರುವ ಪಾಲಿಯುರೆಥೇನ್ ಬಳೆ) ಹಾಕಬೇಡಿ. ಅವು ಓರೆಯಾಗಿ ಕೂತಿರೋದರಿಂದ ಬಾಡಿ ವಾಲಿದಾಗ ಬುಶ್ ತಿರುಚಿಕೊಳ್ಳಲೇಬೇಕು. ಗಟ್ಟಿ ಬುಶ್ ಆದರೆ ಸಿಕ್ಕಿಹಾಕಿಕೊಳ್ಳುತ್ತದೆ, ಆ ಬಲ ನೇರ ಟಾರ್ಕ್ ಬಾಕ್ಸ್‌ಗೇ ಹೋಗುತ್ತದೆ. ಆಕ್ಸಲ್ ಕಡೆ ತುದಿಗೆ ರಬ್ಬರ್ ಅಥವಾ ಗುಂಡು ಜಾಯಿಂಟ್ ಇರಲಿ.

ಅಳತೆ ತೆಗೆದುಕೊಳ್ಳುವಾಗ ಕಾರು ಜಾಕ್ ಮೇಲಿರಬಾರದು. ಸಮತಟ್ಟು ನೆಲದಲ್ಲಿ, ರೇಸಿನ ದಿನ ಇರುವಷ್ಟೇ ಪೆಟ್ರೋಲು ಹಾಕಿ, ಸ್ಟೇರಿಂಗ್ ಹಿಂದೆ ನಿಮ್ಮ ತೂಕದವರನ್ನು ಕೂರಿಸಿ, ಪ್ರತಿ ಬೋಲ್ಟಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಎತ್ತರ ಮತ್ತು ಮುಂದಿನ ದೂರ ಎರಡನ್ನೂ ಬರೆದುಕೊಳ್ಳಿ. ಎಡ ಬಲ ಎರಡೂ ಕಡೆ.

ಸ್ಟ್ರಿಪ್‌ನಲ್ಲಿ ಗೆಳೆಯರೊಬ್ಬರನ್ನು ಪಕ್ಕದಲ್ಲಿ, ಹಿಂದಿನ ಚಕ್ರದ ಎತ್ತರಕ್ಕೆ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆಯೋಕೆ ಹೇಳಿ. ಚಕ್ರದ ಮೇಲಿನ ಫೆಂಡರ್ ಮೇಲೆ ಬಿಳಿ ಟೇಪ್ ಅಂಟಿಸಿರಿ, ಟಯರಿನ ಪಕ್ಕದ ಮೇಲೂ ಒಂದು ಬಿಳಿ ಗೆರೆ ಎಳೆಯಿರಿ. ಹೊರಟ ಕೂಡಲೇ ಟೇಪು ಟಯರಿನ ಕಡೆಗೆ ಇಳಿದು ಬಿಳಿ ಗೆರೆ ತಿರುಗಿಹೋದರೆ ಆಂಟಿ ಸ್ಕ್ವಾಟ್ ಇನ್ನೂ ಕಡಿಮೆ, ಒಂದು ತೂತು ಕೆಳಗೆ ಹೋಗಿ. ಟೇಪು ಮೇಲೆ ಚಿಮ್ಮಿ, ಕಾರು ಸ್ವಲ್ಪ ದೂರ ಹಿಡಿದು ಹೋಗಿ ಆಮೇಲೆ ಜಾರಿದರೆ ಬ್ರಾಕೆಟ್ ಮುಟ್ಟಬೇಡಿ, ಹಿಂದಿನ ಶಾಕಿನ ರಿಬೌಂಡ್ ಬಿಗಿ ಮಾಡಿ. ಟೇಪು ಮೇಲೆ ಹೋಗಿ ಕೆಳಗೆ ಬಂದು ಕುಣಿಯುತ್ತಿದ್ದರೆ ಬುಶ್ ಎಲ್ಲೋ ಸಡಿಲ ಇದೆ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲ 60 ಅಡಿ ದಾಟೋಕೆ ಹಿಡಿದ ಸಮಯವನ್ನೇ ನೋಡಿ. ಕಾಲು ಮೈಲಿಯ ಸಮಯದಲ್ಲಿ ಗೇರ್ ಬದಲಿಸಿದ್ದು, ಗಾಳಿ, ಬಿಸಿಲು ಎಲ್ಲ ಸೇರಿರುತ್ತದೆ, ಹಿಂದಿನ ಸಸ್ಪೆನ್ಷನ್ ಏನು ಮಾಡಿತು ಅಂತ ಅದರಿಂದ ಗೊತ್ತಾಗೋದಿಲ್ಲ.

ಕೊನೆಗೆ ರಸ್ತೆಯ ವಿಷಯ, ಯಾಕಂದರೆ ನೀವು ಅದೇ ಕಾರನ್ನು ಓಡಿಸುತ್ತೀರಿ. ಹೊರಡುವಾಗ ಆಕ್ಸಲನ್ನು ಕೆಳಗೆ ಅದುಮುವ ಅದೇ ಓರೆ, ಬ್ರೇಕ್ ಹಾಕಿದಾಗ ಅದನ್ನು ಮೇಲಕ್ಕೆ ಎಳೆಯುತ್ತದೆ. ಆಂಟಿ ಸ್ಕ್ವಾಟ್ ತುಂಬಾ ಜಾಸ್ತಿ ಇದ್ದರೆ ಜೋರು ಬ್ರೇಕಿಗೆ ಹಿಂದಿನ ಚಕ್ರಗಳು ಕುಣಿಯುತ್ತವೆ. ಲೋವರ್ ಆರ್ಮ್ ಮುಂದಕ್ಕೆ ಏರುವಂತಿದ್ದರೆ ತಿರುವಿನಲ್ಲಿ ಬಾಡಿ ವಾಲಿದಾಗ ಆಕ್ಸಲ್ ತಾನೇ ಸ್ವಲ್ಪ ತಿರುಗಿ, ಹಿಂಭಾಗ ಹೊರಗೆ ಹೋಗೋಕೆ ನೋಡುತ್ತದೆ. ಒದ್ದೆ ರಸ್ತೆಯಲ್ಲಿ ಇದು ಅಪಾಯ. ರೇಸ್ ಮುಗಿದ ಮೇಲೆ ಬೋಲ್ಟನ್ನು ಮೇಲಿನ ತೂತಿಗೆ ತನ್ನಿ, ಮುಂದಿನ ಬಾರ್ ಮತ್ತೆ ಕಟ್ಟಿ, ಬಲಗಡೆ ಏರ್ ಬ್ಯಾಗ್‌ನ ಗಾಳಿ ಇಳಿಸಿ, ಆಮೇಲೆ ಮನೆಗೆ ಹೊರಡಿ.